ದುರಸ್ತಿಯಾದ ಜೌಗಿನಲ್ಲಿ ಒಂದು ಸುಲಭದ ನಡಿಗೆ

ಚೆನ್ನೈನ ಅಡ್ಯಾರು ನದಿ ಸಮುದ್ರವನ್ನು ಸೇರುವ ಅಳಿವೆಯ ಬಳಿ ತೊಲ್ಕಾಪ್ಪಿಯ ಪೂಂಗಾ ಎಂಬುದೊಂದು ಉದ್ಯಾನವಿದೆ. ವಿಸ್ತಾರ 58 ಎಕರೆ. ಉದ್ಯಾನವೆಂದ ಕೂಡಲೇ ಹೂವಿನ ಮಡಿ, ಕಾರಂಜಿಗಳನ್ನು ಕಲ್ಪಿಸಿಕೊಳ್ಳುವವರಿಗೆ ನಿರಾಸೆಯಾದೀತು. ಇದು ಜೌಗು. ಉಪ್ಪುನೀರೂ ಸಿಹಿನೀರೂ ಕಲೆಯುವ ಹಳ್ಳಗಳು, ಕಾಂಡ್ಲಾ ಗಿಡಗಳು, ಒಂಟಿಕಾಲಿನಲ್ಲಿ ನಿಂತ ಕೊಕ್ಕರೆಗಳು. ಇವುಗಳ ನಡುವೆ ಸಮತಟ್ಟಾದ ಕಾಲುದಾರಿ. ನಮ್ಮೊಡನೆ ಬಂದಿದ್ದ ಮಂಡಿನೋವಿನ ಹಿರಿಯರೊಬ್ಬರು ಕೂಡ ಕೋಲನ್ನು ಕಂಕುಳಲ್ಲಿಟ್ಟುಕೊಂಡೇ ನಡೆದರು. ಅಷ್ಟು ಸುಲಭದ ದಾರಿ.

ಹಿಂದೆ ಇದು ಹೀಗಿರಲಿಲ್ಲ. ಕೆಡವಿದ ಮನೆಗಳ ಇಟ್ಟಿಗೆ ಚೂರು, ಚರಂಡಿಯ ನೀರು, ಊರಿನ ಕಸ ಎಲ್ಲಕ್ಕೂ ಇದೇ ಜಾಗವಾಗಿತ್ತು. 2006ರಲ್ಲಿ ಸರಕಾರ ಒಂದು ಟ್ರಸ್ಟನ್ನು ರಚಿಸಿತು. ಆರೋವಿಲ್ಲಿನ ಪಿಚ್ಚಾಂಡಿಕುಳಂ ತಂಡದವರು ಯೋಜನೆ ಹಾಕಿಕೊಟ್ಟರು. ಕಸ ತೆಗೆದು, ಹಳ್ಳ ತೋಡಿ, ಸ್ಥಳೀಯ ಗಿಡಗಳನ್ನೇ ಆರಿಸಿ ನೆಟ್ಟು 2011ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಹೆಸರೂ ಒಪ್ಪುವಂಥದು. ನೆಲವನ್ನು ಅದರದರ ಗುಣದಿಂದ ವಿಂಗಡಿಸಿ, ಕಡಲ ತಡಿಗೆ 'ನೆಯ್ದಲ್' ಎಂದು ನೀರಹೂವಿನ ಹೆಸರಿಟ್ಟು ಕರೆದ ಪ್ರಾಚೀನ ತಮಿಳು ಗ್ರಂಥವಲ್ಲವೆ ಅದು!

ಎಲ್ಲವನ್ನೂ ಮೆಚ್ಚಿಕೊಂಡು ನಡೆಯುತ್ತಿದ್ದಾಗ ಆ ಹಿರಿಯರು ಒಂದು ಮಾತೆಂದರು: "ಕೆಟ್ಟದ್ದನ್ನು ಹೀಗೆ ಸರಿಮಾಡಬಹುದೆಂದಾದರೆ, ಇನ್ನು ಮೇಲೆ ಕೆಡಿಸುವುದಕ್ಕೆ ಯಾರು ಹೆದರುತ್ತಾರೆ?"

ಈ ಪ್ರಶ್ನೆ ಹೊಸದಲ್ಲ. ರಾಬರ್ಟ್ ಎಲಿಯಟ್ ಎಂಬ ತತ್ತ್ವಶಾಸ್ತ್ರಜ್ಞರು 1982ರಲ್ಲಿ ಒಂದು ಪ್ರಬಂಧ ಬರೆದು, ಹೀಗೆ ಮರಳಿ ನಿರ್ಮಿಸಿದ ನಿಸರ್ಗವನ್ನು ಖ್ಯಾತ ಚಿತ್ರದ ನಕಲಿಗೆ ಹೋಲಿಸಿದರು. ನಕಲು ಎಷ್ಟೇ ನಿಖರವಾಗಿರಲಿ, ಅದು ಹುಟ್ಟಿದ ಬಗೆ ಬೇರೆಯಾದ್ದರಿಂದ ಬೆಲೆಯೂ ಬೇರೆ ಎಂಬುದು ಅವರ ವಾದ. 'ಅಗೆದ ಮೇಲೆ ಮೊದಲಿನಂತೆಯೇ ಮಾಡಿಕೊಡುತ್ತೇವೆ' ಎನ್ನುವವರ ಬಾಯಿ ಮುಚ್ಚಿಸಲು ಅದು ಸಾಕೆನಿಸುತ್ತದೆ. ಆದರೂ ನಮಗೆ ಪೂರ್ತಿ ಒಪ್ಪಿಗೆಯಿಲ್ಲ. ಜೀರ್ಣೋದ್ಧಾರವೆಂಬ ಶಬ್ದವನ್ನು ಕೇಳಿ ಬೆಳೆದವರು ನಾವು. ಬಿದ್ದ ಗುಡಿಯನ್ನು ಎತ್ತಿ ಕಟ್ಟಿದರೆ ಅದನ್ನು ನಕಲಿ ಗುಡಿ ಎಂದು ಯಾರೂ ಅನ್ನುವುದಿಲ್ಲ. ಕೆರೆ ಕಟ್ಟಿಸಿದವರಿಗೂ ಅದನ್ನು ಕಾಪಾಡುವವರಿಗೂ ಬಿತ್ತುವಟ್ಟ, ಕಟ್ಟುಕೊಡಗೆ ಎಂದು ಭೂಮಿ ಬಿಟ್ಟ ಶಾಸನಗಳು ಕನ್ನಡನಾಡಿನಲ್ಲಿ ಹೇರಳ. ಹೂಳೆತ್ತಿದ ಕೆರೆ ಅದೇ ಕೆರೆ.

ಹೌದು, ಕೆರೆ ಮನುಷ್ಯ ಕಟ್ಟಿದ್ದು, ಜೌಗು ಹಾಗಲ್ಲ ಎಂದು ವಾದಿಸಬಹುದು. ಆದರೆ ಇಲ್ಲಿ ನಡೆದದ್ದನ್ನು ಗಮನಿಸಿ. ಮನುಷ್ಯ ಮಾಡಿದ್ದು ಕಸ ತೆಗೆದದ್ದು, ನೀರಿಗೆ ದಾರಿ ಬಿಟ್ಟದ್ದು, ಒಂದಿಷ್ಟು ಗಿಡ ನೆಟ್ಟದ್ದು. ಕೊಕ್ಕರೆಯನ್ನು ಯಾರೂ ತಂದು ನಿಲ್ಲಿಸಲಿಲ್ಲ. ಏಡಿಗೆ ಯಾರೂ ಆಮಂತ್ರಣ ಕೊಡಲಿಲ್ಲ. ಪ್ರಾಣಪ್ರತಿಷ್ಠೆ ಮಾಡಿದ್ದು ಉಬ್ಬರವಿಳಿತ. ಆದ್ದರಿಂದ ಇದನ್ನು ನಕಲಿ ಎನ್ನಲು ನಮಗೆ ನಾಲಗೆ ಬಾರದು.

ನಮ್ಮನ್ನು ಕಾಡುವುದು ಬೇರೊಂದು. ಪ್ರಾಯಶ್ಚಿತ್ತವನ್ನು ತಪ್ಪು ಮಾಡಿದವನು ತನ್ನ ಕೈಯಿಂದ ತೆರಬೇಕು. ಇಲ್ಲಿ ತೆತ್ತವರು ಯಾರು? ಅಡ್ಯಾರು ನದಿಯ ಪುನರುಜ್ಜೀವನಕ್ಕಾಗಿಯೂ, 2015ರ ಡಿಸೆಂಬರಿನ ಮಹಾಪೂರದ ಅನಂತರವೂ, ನದಿಯ ದಂಡೆಯಲ್ಲಿ ಗುಡಿಸಲು ಹಾಕಿಕೊಂಡಿದ್ದ ಸಾವಿರಾರು ಕುಟುಂಬಗಳನ್ನು ಎಬ್ಬಿಸಲಾಯಿತು. ಅನೇಕರಿಗೆ ಮನೆ ದೊರೆತದ್ದು ಊರಿನ ದಕ್ಷಿಣದ ಪೆರುಂಬಾಕ್ಕಂನ ಬಹುಮಹಡಿ ವಸತಿಗಳಲ್ಲಿ. ಆ ಪೆರುಂಬಾಕ್ಕಂ ಇರುವುದೆಲ್ಲಿ? ಪಳ್ಳಿಕರಣೈ ಎಂಬ ಇನ್ನೊಂದು ಜೌಗಿನ ಅಂಚಿನ ತಗ್ಗಿನಲ್ಲಿ! ಒಂದು ಕಾಲಕ್ಕೆ ಐದು ಸಾವಿರ ಹೆಕ್ಟೇರಿಗೂ ಮಿಗಿಲಾಗಿ ಹರಡಿತ್ತೆಂದು ಅಂದಾಜು ಮಾಡಲಾದ ಜೌಗು ಅದು. ದಕ್ಷಿಣ ಚೆನ್ನೈನ ಮಳೆನೀರನ್ನೆಲ್ಲ ಹೀರಿಕೊಂಡು, ಒಕ್ಕಿಯಂ ಮಡುವಿನ ಮೂಲಕ ಬಕಿಂಗ್‌ಹ್ಯಾಮ್ ಕಾಲುವೆಗೆ ನಿಧಾನವಾಗಿ ಬಿಡುತ್ತಿತ್ತು. ಕಸದ ಗುಡ್ಡ, ರಸ್ತೆ, ರೈಲು ನಿಲ್ದಾಣ, ಕಚೇರಿ, ಮನೆಗಳು ಅದನ್ನು ನುಂಗುತ್ತ ಬಂದವು. 2022ರಲ್ಲಿ 1,247 ಹೆಕ್ಟೇರಿಗೆ ರಾಮ್ಸಾರ್ ಮನ್ನಣೆ ದೊರೆತಾಗ ನಾವೆಲ್ಲರೂ ಸಂತೋಷಪಟ್ಟೆವು. 2023ರ ಡಿಸೆಂಬರಿನ ಚಂಡಮಾರುತದ ಮಳೆಯಲ್ಲಿ ಆ ಪ್ರದೇಶದ ಬೀದಿಗಳೆಲ್ಲ ಮತ್ತೆ ನೀರಾದವು.

ಅಂದರೆ ಒಂದು ಜೌಗನ್ನು ಉಳಿಸುವ ಹೊರೆಯನ್ನು ಇನ್ನೊಂದು ಜೌಗಿನ ಬಾಗಿಲಲ್ಲಿ ಇಳಿಸಿದ ಹಾಗಾಯಿತು. ನದೀದಂಡೆಯಲ್ಲಿ ಅವರು ಇದ್ದೇ ಇರಲಿ ಎಂದು ನಾವು ಹೇಳುತ್ತಿಲ್ಲ. ಪ್ರವಾಹದಲ್ಲಿ ಮೊದಲು ಮುಳುಗಿದವರೂ ಅವರೇ. ಆದರೆ ವೇಳಚೇರಿ, ಮಡಿಪಾಕ್ಕಂಗಳಲ್ಲಿ ಫ್ಲ್ಯಾಟು ಕೊಂಡ ನಾವು, ನಮ್ಮಲ್ಲಿ ಕನ್ನಡಿಗರೂ ಕಡಮೆಯಿಲ್ಲ, ಪತ್ರ ರಿಜಿಸ್ಟರ್ ಮಾಡಿಸುವಾಗ ಕೆಳಗಿನ ನೆಲ ಹಿಂದೆ ಏನಾಗಿತ್ತೆಂದು ವಿಚಾರಿಸಿದವರಲ್ಲ. ನಮ್ಮನ್ನು ಯಾರೂ ಎಬ್ಬಿಸಲಿಲ್ಲ. ಗುಡಿಸಲು ಅತಿಕ್ರಮಣವೆನಿಸಿತು, ಫ್ಲ್ಯಾಟು ಆಸ್ತಿ ಎನಿಸಿತು. ಈ ಎರಡು ಶಬ್ದಗಳ ವ್ಯತ್ಯಾಸ ನೀರಿಗೆ ತಿಳಿಯದು.

ದುರಸ್ತಿಯನ್ನು ನಾವು ಹಳಿಯುತ್ತಿದ್ದೇವೆಂದು ಯಾರೂ ತಿಳಿಯಬಾರದು. ಈ 58 ಎಕರೆ ಇಲ್ಲದಿದ್ದರೆ ಇಂದಿಗೂ ಅಲ್ಲಿ ಇಟ್ಟಿಗೆ ಚೂರೇ ಇರುತ್ತಿತ್ತು. ದಾರಿಯ ಪಕ್ಕದಲ್ಲಿ ಗಿಡದ ಹೆಸರು, ಹಕ್ಕಿಯ ಹೆಸರು ಬರೆದಂತೆ, ಇಲ್ಲಿ ಯಾರು ಏನನ್ನು ಸುರಿದರು, ಯಾರು ಎಲ್ಲಿಗೆ ಹೋದರು ಎಂಬುದನ್ನೂ ಒಂದು ಹಲಗೆಯ ಮೇಲೆ ಬರೆದಿದ್ದರೆ ನಡಿಗೆ ಇಷ್ಟು ಸುಲಭವಾಗಿರುತ್ತಿರಲಿಲ್ಲ, ಅಷ್ಟೆ. ಮಾಡಿದ್ದನ್ನು ಮರೆಯಲಿಕ್ಕೆ ಸುಂದರವಾದ ಸ್ಥಳದಷ್ಟು ಒಳ್ಳೆಯ ಸಹಾಯ ಬೇರಿಲ್ಲ.

ಗೇಟಿನ ಬಳಿ ಕಲ್ಲುಬೆಂಚಿನ ಮೇಲೆ ಕುಳಿತು ಹಿರಿಯರು ಮಂಡಿ ಒತ್ತಿಕೊಂಡರು. ಪಳ್ಳಿಕರಣೈಯಲ್ಲಿಯೂ 2021ರಲ್ಲಿ ಇಂಥದೇ ಕಾಲುದಾರಿಯ ಪರಿಸರ ಉದ್ಯಾನ ತೆರೆದಿದ್ದಾರೆಂದು ನಾವು ತಿಳಿಸಿದೆವು. "ಅಲ್ಲಿಂದ ಪೆರುಂಬಾಕ್ಕಂ ಕಾಣಿಸುತ್ತದೆಯೋ?" ಎಂದು ಕೇಳಿದರು. ನಮ್ಮಲ್ಲಿ ಯಾರೂ ಅತ್ತ ಕತ್ತು ತಿರುಗಿಸಿ ನೋಡಿದವರಿರಲಿಲ್ಲ.