ಇತಿಹಾಸ, ಹಾಸ್ಯ ಮತ್ತು ಸತ್ಯ

ಸುಳ್ಳು ಹೇಳಬೇಕೆಂಬ ಸಂಕಲ್ಪವಿಲ್ಲದೆಯೂ ಮನುಷ್ಯನು ಸುಳ್ಳಾಡುವ ಸಂದರ್ಭಗಳು ಅನೇಕ. ಸತ್ಯವ್ರತವನ್ನು ದೃಢಗೊಳಿಸುವ ಐದು ಭಾವನೆಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರವು ಕ್ರೋಧ, ಲೋಭ, ಭಯಗಳ ತ್ಯಾಗದೊಡನೆ ಹಾಸ್ಯದ ತ್ಯಾಗವನ್ನೂ ಸೇರಿಸಿರುವುದು ಇದನ್ನರಿತೇ ಎನ್ನಬೇಕು. ಸಿಟ್ಟಿನಲ್ಲಿ, ಆಸೆಯಲ್ಲಿ, ಹೆದರಿಕೆಯಲ್ಲಿ ಆಡಿದ ಮಾತು ಸತ್ಯದಿಂದ ಜಾರಬಹುದೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ನಗುತ್ತ ಆಡಿದ ಮಾತನ್ನು ಮಾತ್ರ ಲೋಕವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ವಿನಾಯಿತಿ ಎಲ್ಲಿಯವರೆಗೆ ಸಲ್ಲುತ್ತದೆ ಎಂಬ ಪ್ರಶ್ನೆಯನ್ನು ಮಕ್ಕಳಿಗಾಗಿ ರಚಿತವಾದ ಒಂದು ಬಗೆಯ ಇತಿಹಾಸ ಪುಸ್ತಕಗಳು ಎದುರಿಗೆ ತಂದು ನಿಲ್ಲಿಸಿವೆ.

ಗತಕಾಲವನ್ನು ನಗೆಯಾಡುವ ಪದ್ಧತಿ ಇಂಗ್ಲೆಂಡಿನಲ್ಲಿ ಹೊಸದಲ್ಲ. 1840ರ ದಶಕದಲ್ಲಿಯೇ ಗಿಲ್ಬರ್ಟ್ ಅಬಟ್ ಎ ಬೆಕೆಟ್ ಎಂಬ ಲೇಖಕನು ಆ ದೇಶದ ಹಾಸ್ಯ ಇತಿಹಾಸವೊಂದನ್ನು ಬರೆದನು. ಜಾನ್ ಲೀಚ್ ಅದಕ್ಕೆ ಚಿತ್ರಗಳನ್ನು ರಚಿಸಿದನು. 1930ರಲ್ಲಿ ಸೆಲ್ಲರ್ ಮತ್ತು ಯೀಟ್ಮನ್ ಎಂಬಿಬ್ಬರು, ಪರೀಕ್ಷೆಗಾಗಿ ಉರುಹೊಡೆದು ಆಮೇಲೆ ಅರ್ಧ ಮರೆತ ಇತಿಹಾಸವನ್ನು '1066 ಅಂಡ್ ಆಲ್ ದಟ್' ಎಂಬ ಕೃತಿಯಲ್ಲಿ ಪರಿಹಾಸ್ಯ ಮಾಡಿದರು. ಅವು ದೊಡ್ಡವರ ವಿನೋದ. ಎಳೆಯರಿಗೆಂದೇ ಈ ದಾರಿಯನ್ನು ತೆರೆದದ್ದು 1993ರಲ್ಲಿ ಆರಂಭವಾದ 'ಹಾರಿಬಲ್ ಹಿಸ್ಟರೀಸ್' ಮಾಲೆ. ಬರವಣಿಗೆ ಟೆರ್ರಿ ಡಿಯರಿ ಅವರದು, ವ್ಯಂಗ್ಯಚಿತ್ರಗಳು ಮಾರ್ಟಿನ್ ಬ್ರೌನ್ ಅವರವು. ಟ್ಯೂಡರ್ ಅರಸರು, ಪ್ರಾಚೀನ ಈಜಿಪ್ಟಿನವರು, ರೋಮನರು, ವೈಕಿಂಗರು ಹೀಗೆ ಒಂದೊಂದು ಕಾಲಕ್ಕೆ ಒಂದೊಂದು ಪುಸ್ತಕ. ಹೇನು, ಪ್ಲೇಗು, ಕೊಳೆ, ಶಿರಚ್ಛೇದ, ಚಿತ್ರಹಿಂಸೆ ಇವೇ ಅವುಗಳ ಮುಖ್ಯ ಸರಕು. ಮೋಹನೀಯ ಕರ್ಮದ ನೋಕಷಾಯಗಳಲ್ಲಿ ಹಾಸ್ಯವೂ ಜುಗುಪ್ಸೆಯೂ ಸೇರಿವೆಯಷ್ಟೆ. ಈ ಪುಸ್ತಕಗಳು ಅವೆರಡನ್ನೂ ಬಂಡವಾಳ ಮಾಡಿಕೊಂಡಿವೆ.

ಹಾಗೆಂದು ಅವನ್ನು ತಳ್ಳಿಹಾಕುವುದು ನ್ಯಾಯವಲ್ಲ. ಪಠ್ಯಪುಸ್ತಕವನ್ನು ಮುಟ್ಟಲೊಲ್ಲದ ಎಷ್ಟೋ ಮಕ್ಕಳು ಇವನ್ನು ಕೆಳಗಿಡದೆ ಓದಿದ್ದಾರೆ. ಅದಕ್ಕಿಂತ ಮಿಗಿಲಾದ ಗುಣವೂ ಒಂದುಂಟು. ಅರಸರ ಪಟ್ಟಿಯನ್ನೂ ಗೆದ್ದ ಯುದ್ಧಗಳನ್ನೂ ಮಾತ್ರ ಹೇಳುತ್ತಿದ್ದ ಗಂಭೀರ ಗ್ರಂಥಗಳು ಬಿಟ್ಟುಬಿಟ್ಟಿದ್ದ ಬಡವರು, ಆಳುಗಳು, ಹೊಗೆಗೂಡಿನೊಳಗೆ ತೆವಳಿ ಮಸಿ ತೆಗೆಯುತ್ತಿದ್ದ ಹುಡುಗರು ಇಲ್ಲಿ ಕಾಣಿಸಿಕೊಂಡರು. ಗಾಂಭೀರ್ಯದಿಂದ ಮುಚ್ಚಿಟ್ಟರೂ ಸತ್ಯಕ್ಕೆ ಹಾನಿಯೇ. ಸಿಂಹಾಸನವನ್ನು ಕಂಡು ನಗುವುದನ್ನು ಕಲಿತ ಮಗುವಿಗೆ ಆ ನಗೆಯಿಂದ ಕೆಡುಕಾಯಿತೆಂದು ಹೇಳುವುದು ಕಷ್ಟ.

ತೊಡಕು ಬರುವುದು ನಗೆಯು ನೊಂದವರ ಕಡೆಗೆ ತಿರುಗಿದಾಗ. ಎಂಟನೆಯ ಹೆನ್ರಿಯು 1541ರಲ್ಲಿ ಮಾರ್ಗರೆಟ್ ಪೋಲ್ ಎಂಬ ರಾಜವಂಶದ ವೃದ್ಧೆಯನ್ನು ಲಂಡನ್ನಿನ ಕೋಟೆಯಲ್ಲಿ ಕೊಲ್ಲಿಸಿದನು. ಆಕೆಗೆ ಆಗ 67 ವರ್ಷ. ವಿಚಾರಣೆ ನಡೆಯಲಿಲ್ಲ. ಪಳಗಿದ ಕೊಲೆಗಾರನಿಲ್ಲದೆ ಅನನುಭವಿ ಯುವಕನೊಬ್ಬನು ಆಕೆಯ ತಲೆ, ಭುಜಗಳನ್ನು ಕಂಡಕಂಡಂತೆ ಕಡಿದನೆಂದು ಆ ಕಾಲದ ರಾಯಭಾರಿಯೊಬ್ಬನು ಬರೆದಿದ್ದಾನೆ. ಮುದುಕಿಯು ಕಟ್ಟೆಯ ಸುತ್ತ ಓಡಿದಳು, ಕೊಡಲಿ ಹಿಡಿದವನು ಅಟ್ಟಿಸಿಕೊಂಡು ಹೋದನು ಎಂಬ ಕಥೆ ಆಮೇಲೆ ಹುಟ್ಟಿದ್ದು. ಜನರ ನೆನಪಿನಲ್ಲಿ ಹೆಚ್ಚಾಗಿ ಉಳಿದದ್ದು ಈ ಓಟವೇ. ಏಕೆಂದರೆ ಓಟವನ್ನು ಚಿತ್ರವಾಗಿ ಬರೆದರೆ ನಗು ಬರುತ್ತದೆ. ನಡೆದದ್ದನ್ನು ಬರೆದರೆ ಬರುವುದಿಲ್ಲ. ನೋವು ಹಳೆಯದಾದಷ್ಟೂ ಹಗುರವಾಗುತ್ತದೆಂಬ ಭಾವನೆ ಇದರ ಹಿಂದಿದೆ. ನೊಂದ ಜೀವಕ್ಕೆ ಆ ನೋವು ಹಗುರವಾಗಿರಲಿಲ್ಲ. ನೋಡುವವನು ದೂರ ಸರಿದಿದ್ದಾನೆ, ಅಷ್ಟೇ.

ಇನ್ನೊಂದು ಪ್ರಸಂಗ ಹೆಚ್ಚು ಸೂಕ್ಷ್ಮವಾದದ್ದು, ಏಕೆಂದರೆ ಅಲ್ಲಿ ಹಾಸ್ಯದ ಉದ್ದೇಶ ಒಳ್ಳೆಯದೇ ಆಗಿತ್ತು. ಈ ಮಾಲೆಯನ್ನು ಆಧರಿಸಿ ಬಿಬಿಸಿಯು 2009ರಿಂದ ಮಕ್ಕಳಿಗಾಗಿ ದೂರದರ್ಶನ ಕಾರ್ಯಕ್ರಮವನ್ನು ಪ್ರಸಾರ ಮಾಡಿತು. ಅದರ ಒಂದು ಪ್ರಹಸನದಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಮತ್ತು ಮೇರಿ ಸೀಕೋಲ್ ಪಾತ್ರಗಳಾಗಿದ್ದರು. ಸೀಕೋಲ್ 1805ರಲ್ಲಿ ಜಮೈಕಾದಲ್ಲಿ ಹುಟ್ಟಿದ, ಮಿಶ್ರವರ್ಣದ ಮಹಿಳೆ. ಕ್ರಿಮಿಯಾ ಯುದ್ಧದಲ್ಲಿ ಗಾಯಗೊಂಡವರ ಸೇವೆಗೆ ಹೋಗಬಯಸಿ ಲಂಡನ್ನಿನಲ್ಲಿ ಮತ್ತೆ ಮತ್ತೆ ಕೇಳಿಕೊಂಡರೂ ಅವಕಾಶ ದೊರೆಯಲಿಲ್ಲ. ತನ್ನ ಬಣ್ಣವೇ ಇದಕ್ಕೆ ಕಾರಣವಿರಬಹುದೇ ಎಂಬ ಶಂಕೆಯನ್ನು 1857ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಆಕೆಯೇ ತೋಡಿಕೊಂಡಿದ್ದಾಳೆ. ಕೊನೆಗೆ ಸ್ವಂತ ಬಲದಿಂದ ಅಲ್ಲಿಗೆ ಹೋಗಿ, ಸೈನಿಕರಿಗೆ ಆಹಾರ ಔಷಧಿಗಳನ್ನು ಒದಗಿಸುವ ನೆಲೆಯೊಂದನ್ನು 1855ರಲ್ಲಿ ತೆರೆದಳು. ಇಂಥವಳನ್ನು ಪಠ್ಯಗಳು ಬಹುಕಾಲ ಮರೆತಿದ್ದವು. ಮಕ್ಕಳಿಗೆ ಆಕೆಯ ಹೆಸರನ್ನು ತಿಳಿಸಿದ್ದು ಪುಣ್ಯದ ಕೆಲಸ.

ಆದರೆ ಕೆಲವೇ ನಿಮಿಷಗಳ ಹಾಸ್ಯಕ್ಕೆ ಅನ್ಯಾಯವೂ ಬೇಕು, ಅನ್ಯಾಯ ಮಾಡಿದ ಒಬ್ಬ ಪರಿಚಿತ ವ್ಯಕ್ತಿಯೂ ಬೇಕು. ಕಚೇರಿಗಳು, ಸಮಿತಿಗಳು, ಮುಖ ತಿರುಗಿಸಿದ ಹಲವರು ಇವನ್ನೆಲ್ಲ ವೇದಿಕೆಗೆ ತರಲಾಗದು. ಆದ್ದರಿಂದ ಸೀಕೋಲಳನ್ನು ಬಣ್ಣದ ಕಾರಣಕ್ಕೆ ನಿರಾಕರಿಸಿದ ಮಾತನ್ನು ನೈಟಿಂಗೇಲಳ ಬಾಯಿಗೆ ಹಾಕಲಾಯಿತು. ಆತ್ಮಕಥೆಯ ಪ್ರಕಾರ ಲಂಡನ್ನಿನಲ್ಲಿ ಅವರಿಬ್ಬರ ಭೇಟಿಯೇ ಆಗಿರಲಿಲ್ಲ. ದಾರಿಯಲ್ಲಿ ಸ್ಕುಟಾರಿಯ ಆಸ್ಪತ್ರೆಯಲ್ಲಿ ಭೇಟಿಯಾದಾಗ ನೈಟಿಂಗೇಲ್ ಸೌಜನ್ಯದಿಂದಲೇ ನಡೆದುಕೊಂಡು, ಒಂದು ರಾತ್ರಿಯ ವಸತಿಗೆ ಏರ್ಪಾಡು ಮಾಡಿಸಿದ್ದಳು. ನೈಟಿಂಗೇಲಳ ಅಭಿಮಾನಿಗಳ ಸಂಘವು ದೂರು ಕೊಟ್ಟಿತು. ಪ್ರಹಸನವು ವಾಸ್ತವಕ್ಕೆ ದೂರವಾಗಿತ್ತೆಂದು ಬಿಬಿಸಿಯ ಅಂದಿನ ಮೇಲ್ವಿಚಾರಣಾ ಮಂಡಳಿಯು 2014ರಲ್ಲಿ ತೀರ್ಮಾನಿಸಿತು.

ಹಾಸ್ಯಕ್ಕೆ ಉತ್ಪ್ರೇಕ್ಷೆ ಸಹಜ, ಮಕ್ಕಳಿಗೂ ಅದು ಗೊತ್ತಿರುತ್ತದೆ ಎಂಬ ಸಮಾಧಾನ ಕೇಳಿಬರುವುದುಂಟು. ಮೂಗನ್ನು ಉದ್ದ ಮಾಡಿ ಚಿತ್ರಿಸಿದರೆ ಅದು ಉತ್ಪ್ರೇಕ್ಷೆಯೆಂದು ಮಗುವಿಗೆ ತಿಳಿಯುತ್ತದೆ, ನಿಜ. ಒಬ್ಬರ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿದರೆ ಅದು ತಿಳಿಯುವ ಬಗೆ ಹೇಗೆ? ನಗೆಯ ಜೊತೆ ಕಲಿತದ್ದು ಬೇಗ ಮರೆಯುವುದಿಲ್ಲವೆಂಬುದೇ ಈ ಪುಸ್ತಕಗಳ ಹೆಗ್ಗಳಿಕೆ. ತಪ್ಪಾಗಿ ಕಲಿತದ್ದಕ್ಕೂ ಅದೇ ಬಾಳಿಕೆ. ಸೀಕೋಲಳಿಗೂ ಇದರಿಂದ ಉಪಕಾರವಾಗಲಿಲ್ಲ. ಆಕೆಗಾದ ನಿಜವಾದ ಅನ್ಯಾಯಕ್ಕೆ ಸುಳ್ಳು ಸಾಕ್ಷಿಯೊಂದು ಅಂಟಿಕೊಂಡು, ಇಬ್ಬರು ಸೇವಾನಿರತ ಸ್ತ್ರೀಯರ ಹೆಸರಿನಲ್ಲಿ ವಿವಾದವಷ್ಟೇ ಬೆಳೆಯಿತು.

ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನೈಟಿಂಗೇಲಳ ಶುಶ್ರೂಷಾ ಶಾಲೆ ಆರಂಭವಾದದ್ದು 1860ರಲ್ಲಿ. ಅದೇ ಆಸ್ಪತ್ರೆಯ ಆವರಣದಲ್ಲಿ 2016ರಲ್ಲಿ ಸೀಕೋಲಳ ಪ್ರತಿಮೆಯನ್ನು ನಿಲ್ಲಿಸಿದಾಗ, ಆ ಸ್ಥಳ ಆಕೆಗೆ ಸಲ್ಲದೆಂದು ನೈಟಿಂಗೇಲಳ ಅಭಿಮಾನಿಗಳು ಆಕ್ಷೇಪಿಸಿದರು. ಸ್ಕುಟಾರಿಯಲ್ಲಿ ಆ ರಾತ್ರಿ ಒಬ್ಬಳು ಇನ್ನೊಬ್ಬಳಿಗೆ ಹಾಸಿಗೆ ಕೊಡಿಸಿದ್ದನ್ನು ಯಾರೂ ಪ್ರಹಸನ ಮಾಡಿದಂತಿಲ್ಲ; ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ.