ಗೋಡೆಯಾಚೆಯ ಉಸಿರು

ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಗೆ ತರಕಾರಿ ಗಾಡಿಗಳು ಒಮ್ಮೆಲೇ ನುಗ್ಗಿದರೆ ಯಾವುದೂ ಮುಂದೆ ಸಾಗದು. ಅಂತರ್ಜಾಲದ ದಟ್ಟಣೆಯೂ ಹಾಗೆಯೇ. ಡಮಾಸ್ಕಸ್‌ನಲ್ಲಿ ಹುಟ್ಟಿ, ಅಮೆರಿಕದ ಎಂಐಟಿಯಲ್ಲಿ ಸಂಶೋಧನೆ ನಡೆಸುತ್ತಿದ್ದ ದೀನಾ ಕತಾಬಿ 2002ರಲ್ಲಿ ಸಂಗಡಿಗರೊಡನೆ ಇದಕ್ಕೊಂದು ಉಪಾಯ ಸೂಚಿಸಿದರು: ಎಷ್ಟು ವೇಗದಲ್ಲಿ ಮಾಹಿತಿ ಕಳಿಸಬೇಕೆಂದು ದಾರಿಯಲ್ಲಿರುವ ರೂಟರೇ ಕಳಿಸುವವರಿಗೆ ತಿಳಿಸುವುದು. ಯಾರ ಸಂಚಾರವನ್ನೂ ಅದು ಪ್ರತ್ಯೇಕವಾಗಿ ನೆನಪಿಡಬೇಕಿಲ್ಲ.

2015ರಲ್ಲಿ ಅವರ ತಂಡ ಇನ್ನೊಂದು ಸಾಧನವನ್ನು ತೋರಿಸಿತು. ಮೈಗೆ ಏನನ್ನೂ ಅಂಟಿಸದೆ, ದೇಹಕ್ಕೆ ತಾಗಿ ಮರಳುವ ರೇಡಿಯೊ ಅಲೆಗಳಿಂದಲೇ ಅದು ಉಸಿರಾಟ, ಎದೆಬಡಿತಗಳನ್ನು ಅಳೆಯುತ್ತದೆ, ಪಕ್ಕದ ಕೋಣೆಯಿಂದಲೂ! ಒಂಟಿಯಾಗಿರುವ ವೃದ್ಧರಿಗೆ ಇದು ಆಸರೆಯೇ ಸರಿ. ಆದರೆ ಇಲ್ಲಿ ಯಾರ ಉಸಿರೆಂಬುದು ಗೊತ್ತಿರಲೇಬೇಕು. ಆ ದಾಖಲೆ ಯಾರ ಕೈಯಲ್ಲಿರಬೇಕು? ಮಗನದೇ? ಕಂಪೆನಿಯದೇ? ವಿಮೆ ಮಾರುವವರದೇ?

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆದರೆ ತಾಯಿಯ ಕೋಣೆಯೊಳಗೆ ಆ ಹಕ್ಕನ್ನು ಕಾಯಬೇಕಾದವರು ನಾವೇ. ಕಾಳಜಿ ನಮ್ಮದಿರಬಹುದು, ಉಸಿರು ಆಕೆಯದು. ಸಾಧನ ಇಡುವ ಮೊದಲು ಆಕೆಯನ್ನು ಕೇಳೋಣ. ಬೇಡವೆಂದರೆ, ನಾವೇ ಹೋಗಿ ಪಕ್ಕದಲ್ಲಿ ಕೂರೋಣ.