ಖೋಟಾ ನೋಟು ಯಾರ ಪಾಲಿಗೆ?

ತುಘಲಕಾಬಾದಿನ ಹಾಳು ಕೋಟೆಯ ಮುಂದೆ ಹೋಗುವಾಗೆಲ್ಲ ನನಗೆ ನೆನಪಾಗುವುದು ಸುಲ್ತಾನರ ವೈಭವವಲ್ಲ, ಬ್ಯಾಂಕಿನ ಕ್ಯಾಶ್ ಕೌಂಟರು.

ಕಾರ್ನಾಡರ ನಾಟಕ ನೋಡಿದ ನಮಗೆ ತುಘಲಕ್ ಅಂದರೆ ಹುಚ್ಚು ದರ್ಬಾರು. 1330ರ ಹೊತ್ತಿಗೆ ಮಹಮ್ಮದ್ ಬಿನ್ ತುಘಲಕ್ ಹಿತ್ತಾಳೆ, ತಾಮ್ರದ ನಾಣ್ಯ ಹೊರಡಿಸಿ, ಇದು ಬೆಳ್ಳಿಯ ಬೆಲೆಗೇ ನಡೆಯಬೇಕು ಅಂದ. ಆಲೋಚನೆ ಕೆಟ್ಟದ್ದೇನಲ್ಲ, ನಮ್ಮ ಜೇಬಿನ ನೋಟೂ ಕಾಗದವೇ. ರೋಮಿನ ಡಯೋಕ್ಲೀಷಿಯನ್ ಕೂಡ ಸುಮಾರು 294ರಲ್ಲಿ ಕಂಚಿನ ನಾಣ್ಯಕ್ಕೆ ತೆಳ್ಳಗೆ ಬೆಳ್ಳಿ ಬಳಿಸಿ ಚಲಾವಣೆಗೆ ಬಿಟ್ಟಿದ್ದ. ಆದರೆ ದೆಹಲಿಯಲ್ಲಿ ಮನೆಗಳೇ ಟಂಕಸಾಲೆಗಳಾದವು ಅಂತ ಬರನಿಯ ಚರಿತ್ರೆ ಹೇಳುತ್ತದೆ. ಎರಡು ಮೂರು ವರ್ಷಕ್ಕೆ ಸುಲ್ತಾನ ಸೋತು, ನಾಣ್ಯ ತಂದವರಿಗೆಲ್ಲ ಖಜಾನೆಯಿಂದ ಬೆಳ್ಳಿ ಬಂಗಾರ ಕೊಟ್ಟ. ಅಸಲಿ ನಕಲಿ ನೋಡಲಿಲ್ಲ. ವಾಪಸು ಬಂದದ್ದು ಈ ಕೋಟೆಯಲ್ಲಿ ಗುಡ್ಡೆ ಬಿತ್ತಂತೆ.

ನಾನು ಮಾಡಿದ್ದು ಇದರ ತದ್ವಿರುದ್ಧ. ಗಾಜಿಯಾಬಾದಿನ ಶಾಖೆಯಲ್ಲಿದ್ದಾಗ ತರಕಾರಿಯವನೊಬ್ಬ ಕಟ್ಟಲು ತಂದ ಹಣದಲ್ಲಿ 500ರ ಖೋಟಾ ನೋಟು ಸಿಕ್ಕಿತು. ರೂಲು ಸ್ಪಷ್ಟ: ನೋಟು ಮುಟ್ಟುಗೋಲು, ಮೇಲೊಂದು ಮುದ್ರೆ, ಕೈಗೊಂದು ರಸೀದಿ. ಪರಿಹಾರ ಇಲ್ಲ. “ಬಾಬೂಜಿ, ನನಗೂ ಯಾರೋ ಕೊಟ್ಟದ್ದೇ ತಾನೆ?” ಅಂದ. ನಾನು ಮುದ್ರೆ ಒತ್ತಿದೆ.

ರೂಲು ತಪ್ಪು ಅನ್ನಲಾರೆ. ಪರಿಹಾರ ಕೊಟ್ಟರೆ ಖೋಟಾ ಮಾಡುವವನಿಗೇ ಖಜಾನೆ ತೆರೆದಂತೆ. ಸುಲ್ತಾನ ಮಾಡಿದ್ದು ಅದನ್ನೇ. ಕೊಡದಿದ್ದರೆ ನಷ್ಟವೆಲ್ಲ ಯಾರ ತಲೆಗೆ? ಏನೂ ಅರಿಯದೆ ಬ್ಯಾಂಕಿನ ಮೆಟ್ಟಿಲು ಹತ್ತಿದವನ ತಲೆಗೆ. ಗೊತ್ತಿದ್ದೂ ಕತ್ತಲಲ್ಲಿ ಅವನಿಗೆ ದಾಟಿಸಿದ ಮಹಾಶಯ ಪಾರು.

ಹೋದ ವರ್ಷ ಸರದಿ ನನ್ನದಾಯಿತು. ನೋಯಿಡಾದ ಮನೆಯಲ್ಲಿ ಪರ್ಸು ಬಿಚ್ಚಿ ನೋಡಿದರೆ ಒಂದು 500ರ ನೋಟಿನ ಕಾಗದವೇ ಬೇರೆ. ಬೆರಳಿಗೆ ಇನ್ನೂ ಅಭ್ಯಾಸ ತಪ್ಪಿಲ್ಲ ನೋಡಿ. ನನ್ನಾಕೆ, “ರೀ, ನಿಮಗೊಬ್ಬರಿಗೇ ಯಾಕೆ ಉಸಾಬರಿ, ವಾರದ ಬಜಾರಿನಲ್ಲಿ ಸಾಗಹಾಕಿಬಿಡಿ” ಅಂದಳು. ಸುಳ್ಳು ಯಾಕೆ ಹೇಳಲಿ, ಮನಸ್ಸು ವಾಲಿತು. ಎರಡು ದಿನ ನೋಟು ಜೇಬಿನಲ್ಲೇ ಇತ್ತು. ಊರಲ್ಲಾಗಿದ್ದರೆ ಅಂಗಡಿ ಶೆಟ್ಟರಿಗೆ ನಮ್ಮಜ್ಜನ ಹೆಸರೂ ಗೊತ್ತು, ಕೈ ನಡುಗುತ್ತಿತ್ತು. ಇಲ್ಲಿ ಬಜಾರಿನ ಜಂಗುಳಿಯಲ್ಲಿ ನಾನು ಯಾರ ಮಗ ಅಂತ ಯಾರಿಗೆ ಗೊತ್ತು? ಮೂವತ್ತು ವರ್ಷದ ನನ್ನ ಪ್ರಾಮಾಣಿಕತೆಯಲ್ಲಿ ಸ್ವಂತದ್ದೆಷ್ಟು, ಶೆಟ್ಟರ ಕಣ್ಣಿನದೆಷ್ಟು ಅಂತ ಆಗ ಮೊದಲ ಸಲ ಲೆಕ್ಕ ಹಾಕಿದೆ. ಟ್ಯಾಲಿ ಆಗಲಿಲ್ಲ.

ಮೂರನೇ ದಿನ ಬ್ಯಾಂಕಿಗೆ ಹೋದೆ. ಕೌಂಟರಿನ ಹುಡುಗ, “ಅಂಕಲ್, ದುಡ್ಡು ವಾಪಸ್ ಬರೋಲ್ಲ” ಅಂದ. ನನಗೂ ಯಾರೋ ಕೊಟ್ಟದ್ದೇ ತಾನೆ ಅನ್ನೋ ಮಾತು ನಾಲಿಗೆ ತುದಿಗೆ ಬಂತು. ನುಂಗಿಕೊಂಡು ರಸೀದಿ ಮಡಚಿ ಜೇಬಿಗಿಟ್ಟೆ.